ಸಿರುಗುಪ್ಪ ಬಸ್ಸಿನ ಆ ಅಕ್ಕನಿಗೆ

ಅಕ್ಕಾ, ನಿಮ್ಮ ಹೆಸರು ಕೇಳೋದೇ ಮರೆತೆ. ಹೋದ ವಾರ ಬಳ್ಳಾರಿಯಿಂದ ಹೊರಟ ಬಸ್ಸಿನಲ್ಲಿ ಸೈಕಾಲಜಿ ನೋಟ್ಸ್ ಹಿಡಿದು ಅಳುಮುಖ ಮಾಡಿಕೊಂಡಿದ್ದ ಹುಡುಗಿ ನಾನೇ. ರ‍್ಯಾಂಡಮ್ ಸ್ಯಾಂಪ್ಲಿಂಗ್, ರ‍್ಯಾಂಡಮ್ ಅಸೈನ್‌ಮೆಂಟ್ ಎರಡೂ ಒಂದೇ ಅಂದುಕೊಂಡು ಇಂಟರ್ನಲ್ಸ್‌ನಲ್ಲಿ ಮಾರ್ಕ್ಸ್ ಕಳೆದುಕೊಂಡಿದ್ದೆ. ನೀವು ಕಿಟಕಿಯಾಚೆ ಭತ್ತದ ಗದ್ದೆ ತೋರಿಸಿ, ಚೀಲದ ಮೇಲಿನ ಹಿಡಿ ಮಾತ್ರ ನೋಡಿ ಇಡೀ ರಾಶಿಗೆ ರೇಟು ಹೇಳೋಕಾಗುತ್ತಾ, ಎಲ್ಲಾ ಕಡೆಯಿಂದಲೂ ಕಣ್ಣುಮುಚ್ಚಿ ತೆಗೀಬೇಕಲ್ವಾ, ಅದೇ ಸ್ಯಾಂಪ್ಲಿಂಗ್ ಅಂದಿರಿ. ಹತ್ತಾರು ಮಡಿಗಳಲ್ಲಿ ಯಾವುದಕ್ಕೆ ಹೊಸ ಗೊಬ್ಬರ ಅಂತ ನಾಣ್ಯ ಚಿಮ್ಮಿ ತೀರ್ಮಾನಿಸಿದರೆ ಅಸೈನ್‌ಮೆಂಟ್. ಆಗಲೇ ಇಳುವರಿ ಹೆಚ್ಚಿದ್ದು ಗೊಬ್ಬರದಿಂದ, ಒಳ್ಳೆ ಮಣ್ಣಿನಿಂದಲ್ಲ ಅನ್ನೋಕೆ ಧೈರ್ಯ ಬರೋದು. ಮನುಷ್ಯರ ಮೇಲಿನ ಪ್ರಯೋಗಕ್ಕೂ ಇದೇ ಲೆಕ್ಕವಂತೆ! ಗೊಬ್ಬರದಿಂದ ಏನೂ ಆಗದಿದ್ದರೂ ಇಷ್ಟು ವ್ಯತ್ಯಾಸ ಆಕಸ್ಮಿಕವಾಗಿ ಬರೋ ಸಾಧ್ಯತೆ ಎಷ್ಟು ಅಂತ ಹೇಳೋ ಪಿ ವ್ಯಾಲ್ಯೂ, ಅದಕ್ಕೆ ಸಾಮಾನ್ಯವಾಗಿ ಇಡೋ ಆ 0.05 ಗಡಿ ಬಗ್ಗೆ ಕೇಳುವಷ್ಟರಲ್ಲಿ ತೆಕ್ಕಲಕೋಟೆ ಬಂತು, ನೀವು ಇಳಿದುಬಿಟ್ಟಿರಿ. ನಿಮ್ಮ ಮಂಡಕ್ಕಿ ಪೊಟ್ಟಣ ನನ್ನ ಕೈಯಲ್ಲೇ ಉಳಿಯಿತು, ಸುಮ್ನೆ ತಿಂದುಬಿಟ್ಟೆ. ತುಂಬಾ ಥ್ಯಾಂಕ್ಸ್ ಅಕ್ಕಾ.