ಬೇಡ ಎಂದವರಿಗೂ ನಮ್ಮ ನಮಸ್ಕಾರ

ಶಿಕ್ಷಕರನ್ನೂ ಮಕ್ಕಳನ್ನೂ ಸಂದರ್ಶಿಸಿ ಮಾಡಿದ ಅಧ್ಯಯನ ಮುಗಿಯಿತು, ವರದಿ ಸಲ್ಲಿಸಿಯಾಯಿತು. ಒಂದೇ ಶಾಲೆ, 9 ಶಿಕ್ಷಕರು, 14 ಮಕ್ಕಳು, ಸಂಶೋಧಕರಾಗಿ ನಾವು ಮೂವರು. ಹೆಸರು ಹಾಕಿದರೆ ಶಾಲೆ ಯಾವುದೆಂದು ತಿಳಿದುಬಿಡುತ್ತದೆ, ಹಾಗಾಗಿ ವರದಿಯಲ್ಲಿ ಯಾರ ಹೆಸರೂ ಇಲ್ಲ, ಇಲ್ಲಿಯೂ ಇಲ್ಲ. ಯಾವುದಕ್ಕೆ ಋಣಿಗಳು ಎಂಬುದನ್ನಾದರೂ ಬಿಡಿಸಿ ಹೇಳುತ್ತೇವೆ.

ಮೊದಲ ನಮಸ್ಕಾರ, ಸಂದರ್ಶನ ಬೇಡ ಎಂದವರಿಗೆ. ಪಾಠ ಮಾಡುವವರೇ ಸಂಶೋಧನೆಗೂ ಇಳಿದಾಗ ಮಗುವಿಗೆ ಇಲ್ಲ ಎನ್ನುವುದು ಕಷ್ಟ. ಅಂಕ ಕೊಡುವ ಕೈಯೇ ಒಪ್ಪಿಗೆ ಪತ್ರವನ್ನೂ ಚಾಚಿರುತ್ತದೆ. ಅದಕ್ಕೇ ಪತ್ರ ಹಂಚಿ ವಾಪಸು ಪಡೆಯುವ ಕೆಲಸವನ್ನು ಆ ತರಗತಿಗೆ ಪಾಠ ಮಾಡದವರು ವಹಿಸಿಕೊಂಡರು. ಮುಖ್ಯೋಪಾಧ್ಯಾಯರ ಅನುಮತಿಯಿಂದ ಶಾಲೆಯ ಬಾಗಿಲು ತೆರೆಯುತ್ತದೆ, ಅಷ್ಟೆ. ಶಿಕ್ಷಕರ ಒಪ್ಪಿಗೆ ಬೇರೆ. ಪೋಷಕರು ಸಹಿ ಹಾಕಿದರೂ ಮಗುವನ್ನು ಕೇಳಲೇಬೇಕು; ತನಗೆ ಸಂಬಂಧಿಸಿದ ವಿಷಯದಲ್ಲಿ ಮಗುವಿನ ಮಾತಿಗೆ ಬೆಲೆ ಸಿಗಬೇಕೆಂದು 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹೇಳುತ್ತದೆ. ಆದರೆ ಮಕ್ಕಳು ಬಾಯಿಬಿಟ್ಟು ಬೇಡ ಎನ್ನುವುದು ಕಡಿಮೆ. ಉತ್ತರ ಒಂದೊಂದೇ ಪದಕ್ಕೆ ಇಳಿಯುತ್ತದೆ, ಕಣ್ಣು ರೆಕಾರ್ಡರಿನ ಕೆಂಪು ದೀಪದ ಮೇಲೇ ಇರುತ್ತದೆ, ಕೈ ಪೆನ್ನಿನ ಮುಚ್ಚಳವನ್ನು ತೆಗೆದು ಹಾಕುತ್ತಿರುತ್ತದೆ. ಸಂದರ್ಶನ ಅಲ್ಲಿಗೇ ನಿಲ್ಲಬೇಕು. ನಿಲ್ಲಿಸುವ ಬಟನ್ ಯಾವುದೆಂದು ಮೊದಲೇ ತೋರಿಸಿದ್ದೆವು. ಅದನ್ನು ಒತ್ತಿದ ಮಕ್ಕಳಿಗೆ ವಿಶೇಷ ವಂದನೆ.

ಬರಹಕ್ಕಿಳಿಸಿದ ಸಂದರ್ಶನವನ್ನು ಓದಿ ತಿದ್ದಿಕೊಟ್ಟ ಶಿಕ್ಷಕರಿಗೆ ಎಷ್ಟು ಹೇಳಿದರೂ ಸಾಲದು. ಸಣ್ಣ ಅಧ್ಯಯನದಲ್ಲಿ ಬದಲಿ ಹೆಸರು ಹೊರಗಿನವರಿಂದ ಮಾತ್ರ ಕಾಪಾಡುತ್ತದೆ. ‘ಹಿರಿಯ ಗಣಿತ ಶಿಕ್ಷಕಿ’ ಎಂದು ಬರೆದರೆ ಸಾಕು, ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ. 2004ರಲ್ಲಿ ಸಮಾಜಶಾಸ್ತ್ರಜ್ಞ ಮಾರ್ಟಿನ್ ಟೋಲಿಚ್ ‘ಒಳಗಿನ ಗೋಪ್ಯತೆ’ ಎಂದು ಹೆಸರಿಟ್ಟು ಎಚ್ಚರಿಸಿದ್ದು ಇದನ್ನೇ. ಯಾರೂ ಆಡದ, ಮಾದರಿಗೆಂದೇ ಕಟ್ಟಿದ ಒಂದು ವಾಕ್ಯ ನೋಡಿ: ‘ಹೋದ ವರ್ಷ ಏಳನೇ ತರಗತೀನ ನನ್ನ ಕೈಯಿಂದ ಕಿತ್ಕೊಂಡು ಬೇರೆಯವರಿಗೆ ಕೊಟ್ರು.’ ಗುರುತು ಮರೆಸಲು ‘ತರಗತಿಯ ಹೊಣೆ ಬದಲಾಯಿತು’ ಎಂದು ಬರೆದರೆ ಶಿಕ್ಷಕರು ಕ್ಷೇಮ, ಆದರೆ ‘ಕಿತ್ಕೊಂಡು’ ಎಂಬುದರ ನೋವೇ ಹೋಯಿತು. ವರ್ಷ, ತರಗತಿಗಳನ್ನು ತೆಗೆದು ಆ ಒಂದು ಪದವನ್ನು ಉಳಿಸಬಹುದು; ಉಳಿಸಬೇಕೇ ಎಂಬುದು ಆಡಿದವರ ತೀರ್ಮಾನ. ಆ ತೀರ್ಮಾನಕ್ಕೆಂದು ಪ್ರತಿಯೊಬ್ಬರೂ ಗಂಟೆಗಟ್ಟಲೆ ಕೂತರು.

ಒಂದು ಗಂಟೆಯ ಧ್ವನಿಯನ್ನು ಬರಹಕ್ಕಿಳಿಸಲು ನಾಲ್ಕರಿಂದ ಆರು ಗಂಟೆ ಬೇಕು, ಗುಂಪು ಚರ್ಚೆಯಾದರೆ ಇನ್ನೂ ಹೆಚ್ಚು. ಮೌನ, ನಗು, ಅರ್ಧಕ್ಕೇ ನಿಂತ ಮಾತು ಯಾವುದನ್ನೂ ಬಿಡದೆ ಬರೆದವರಿಗೆ ಧನ್ಯವಾದ. ಗೋಪ್ಯತೆಯ ಪತ್ರಕ್ಕೆ ಅವರೂ ಸಹಿ ಹಾಕಿದ್ದರು. ಫೈಲಿನ ಹೆಸರಿನಲ್ಲೇ ವ್ಯಕ್ತಿಯ ಹೆಸರು ಉಳಿದುಬಿಡುವುದು ಎಲ್ಲೆಡೆ ಆಗುವ ತಪ್ಪು. ಅದನ್ನು ಮೊದಲ ದಿನವೇ ಹಿಡಿದವರೂ ಅವರೇ.

ನೈತಿಕ ಪರಿಶೀಲನಾ ಸಮಿತಿಯ ಒಂದು ಪ್ರಶ್ನೆಗೆ ನಾವು ಋಣಿಗಳು: ಮಗು ತನಗಾಗುತ್ತಿರುವ ಹಿಂಸೆಯ ಬಗ್ಗೆ ಹೇಳಿದರೆ ಏನು ಮಾಡುತ್ತೀರಿ? ‘ಯಾರಿಗೂ ಹೇಳುವುದಿಲ್ಲ’ ಎಂಬ ಸಾಲನ್ನು ಒಪ್ಪಿಗೆ ಪತ್ರದಿಂದ ತೆಗೆದು, ಯಾವ ಸಂದರ್ಭದಲ್ಲಿ ಯಾರಿಗೆ ಹೇಳಬೇಕಾಗುತ್ತದೆ ಎಂದು ಮಕ್ಕಳ ಮಾತಿನಲ್ಲೇ ಬರೆದೆವು. ಗುಂಪು ಚರ್ಚೆಯಲ್ಲಿ ಜೊತೆಗೆ ಕೂತವರ ಬಾಯಿಗೆ ನಾವು ಹೊಣೆಯಾಗಲಾರೆವು ಎಂಬುದನ್ನೂ ಸೇರಿಸಿದೆವು.

ಇನ್ನು ನಮ್ಮ ದಿನಚರಿಗಳನ್ನು ಓದಿದ ಗೆಳತಿ. ಪ್ರತಿ ಸಂದರ್ಶನದ ದಿನವೇ ಮೂರು ವಿಷಯ ಬರೆಯುತ್ತಿದ್ದೆವು: ಏನಾಯಿತು, ನಮಗೇನನ್ನಿಸಿತು, ಮುಂದಿನ ಪ್ರಶ್ನೆ ಹೇಗೆ ಬದಲಾಗಬೇಕು. ಮೂರನೆಯದು ಖಾಲಿ ಬಿದ್ದರೆ ದಿನಚರಿ ಬರೀ ತಪ್ಪೊಪ್ಪಿಗೆಯಾಗಿ ಉಳಿಯುತ್ತದೆ, ವಿಶ್ಲೇಷಣೆ ಒಂದಿಷ್ಟೂ ಕದಲುವುದಿಲ್ಲ. ಆಕೆ ಸಂದರ್ಶನಗಳಲ್ಲಿ ನಮ್ಮದೇ ‘ಹೌದು ಹೌದು’ಗಳಿಗೆ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದರು. ನಮಗೆ ಹಿತವಾದ ಉತ್ತರ ಬಂದಲ್ಲೆಲ್ಲ ಗೆರೆ, ಉಳಿದ ಕಡೆ ನಮ್ಮ ಮೌನ. ಆ ಗೆರೆಗಳನ್ನು ಮುಂದಿಟ್ಟುಕೊಂಡು ಸಂಕೇತನವನ್ನು, ಅಂದರೆ ಆಡಿದ ಮಾತುಗಳನ್ನು ವಿಷಯವಾರು ಗುರುತು ಹಾಕಿ ವಿಂಗಡಿಸುವ ಕೆಲಸವನ್ನು, ಮೊದಲಿನಿಂದ ಮಾಡಿದೆವು.

ಬರಹಕ್ಕಿಳಿಸಿದ ಸಂದರ್ಶನದ ಪ್ರತಿ ಕೈಸೇರಿದ ಎರಡು ವಾರದೊಳಗೆ ಮಾತನ್ನು ಹಿಂಪಡೆಯಬಹುದೆಂದು ಬರೆದಿದ್ದೆವು, ಏಕೆಂದರೆ ವಿಶ್ಲೇಷಣೆಯಲ್ಲಿ ಬೆರೆತ ಮೇಲೆ ಬೇರ್ಪಡಿಸುವುದು ಆಗದ ಕೆಲಸ. ಒಬ್ಬರು ಹಾಗೆ ಹಿಂಪಡೆದರು, ಕಾರಣ ಕೊಡಲಿಲ್ಲ, ನಾವೂ ಕೇಳಲಿಲ್ಲ. ಅವರಿಗೂ ವರದಿಯ ಎರಡು ಪುಟದ ಸಾರಾಂಶ ಎಲ್ಲರ ಜೊತೆಗೇ ತಲುಪಿದೆ.