ಫೇಲಾದ ಮಕ್ಕಳಿಗೆ ಉತ್ತರ ಪತ್ರಿಕೆ ತೋರಿಸಿ

ಮಾನ್ಯ ಸಂಪಾದಕರೇ,

2024ರಿಂದ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ. ಯಾವುದರಲ್ಲಿ ಜಾಸ್ತಿ ಅಂಕ ಬಂತೋ ಅದನ್ನೇ ಉಳಿಸಿಕೊಳ್ಳಬಹುದು. ಒಳ್ಳೆಯದೇ. ಆದರೆ ಗಣಿತದಲ್ಲಿ ಫೇಲಾಗಿ ಎರಡನೇ ಪರೀಕ್ಷೆಗೆ ಕಟ್ಟಿದವರನ್ನು 'ಅಂಕ ಎಲ್ಲಿ ಹೋಯ್ತು?' ಅಂತ ಕೇಳಿ ನೋಡಿ. 'ಪೇಪರ್ ಟಫ್ ಇತ್ತು ಮಿಸ್' ಅನ್ನುತ್ತಾರೆ. ತಾವು ಬರೆದದ್ದನ್ನು ಮತ್ತೆ ನೋಡಿದವರು ಒಬ್ಬರೂ ಸಿಗುವುದಿಲ್ಲ.

ನನ್ನ ತರಗತಿಯಲ್ಲಿ ಕಿರುಪರೀಕ್ಷೆಯ ಪತ್ರಿಕೆ ತಿದ್ದುವಾಗ ಹಂತ ಹಂತಕ್ಕೂ ಅಂಕ ಹಾಕುತ್ತೇನೆ, ಒಟ್ಟು ಹಾಕುವುದಿಲ್ಲ. ಕೂಡಿಸುವುದು, ಎಲ್ಲಿ ಹೋಯ್ತು ಅಂತ ಹಿಂದಿನ ಪುಟದಲ್ಲಿ ಬರೆಯುವುದು ಮಕ್ಕಳ ಕೆಲಸ. ಮೊನ್ನೆ ಒಬ್ಬ ಹುಡುಗ ತ್ರಿಭುಜದ ಬಾಹುಗಳ ಅನುಪಾತದ ಥೇಲ್ಸ್ ಪ್ರಮೇಯ ಬರೆದಿದ್ದ. ದತ್ತ (ಕೊಟ್ಟದ್ದು), ಸಾಧನೀಯ (ಸಾಧಿಸಬೇಕಾದದ್ದು) ಸರಿಯಾಗಿತ್ತು. ರಚನೆ, ಅಂದರೆ ಚಿತ್ರದಲ್ಲಿ ಬೇಕಾದ ಹೆಚ್ಚುವರಿ ಗೆರೆ ಎಳೆಯುವುದನ್ನು ಬಿಟ್ಟು ನೇರ ಸಾಧನೆಗೆ ಹಾರಿದ್ದ. ಅಂಕ ಕಮ್ಮಿ ಆಯ್ತು ಅಂತ ಜಗಳಕ್ಕೇ ಬಂದ. ಚಿತ್ರ ನೋಡು ಅಂದೆ. ನೋಡಿದ. 'ಗೆರೆನೇ ಎಳೆದಿಲ್ಲ ಮಿಸ್, ಈ ತ್ರಿಭುಜ ಎಲ್ಲಿಂದ ಬಂತು?' ಅಂತ ಅವನೇ ಕೇಳಿದ! ಇಷ್ಟು ಸಾಕಲ್ವಾ? ಸ್ಪೆಷಲ್ ಕ್ಲಾಸಿನಲ್ಲಿ ನಾನು ಗಂಟಲು ಹರಿದುಕೊಂಡರೂ ಇದು ಆಗುತ್ತಿರಲಿಲ್ಲ.

ನಾವು ದೊಡ್ಡವರು ಮಾಡುತ್ತಿರುವುದು ಇದರ ಉಲ್ಟಾ. ಪೋಷಕರ ಸಭೆಯಲ್ಲಿ 'ಏನಾದ್ರೂ ಮಾಡಿ ಪಾಸ್ ಮಾಡ್ಸಿ ಮಿಸ್' ಅಂತ ನನ್ನ ಮುಂದೆ ಕೈ ಮುಗಿಯುತ್ತಾರೆ. ಮಗು ಪಕ್ಕದಲ್ಲೇ ನೆಲ ನೋಡಿಕೊಂಡು ನಿಂತಿರುತ್ತದೆ. ಅದನ್ನು ಪ್ರಶ್ನೆ ಕೇಳಿದರೆ ಅಪ್ಪನೇ ಉತ್ತರ ಕೊಡುತ್ತಾರೆ. ಇನ್ನು ಶಾಲೆಯಲ್ಲೇ ಕೊಡುವ ಆಂತರಿಕ ಅಂಕ: ಗಣಿತಕ್ಕೆ 20, ಪ್ರಥಮ ಭಾಷೆಗೆ 25. ಓದಿದವರಿಗೂ ಓದದವರಿಗೂ ಹೆಚ್ಚುಕಮ್ಮಿ ಒಂದೇ ಅಳತೆ. ಅಂಕ ಸುಮ್ನೆ ಬರುತ್ತದೆ ಅಂತ ಮಕ್ಕಳು ತಿಳಿದುಕೊಂಡರೆ ತಪ್ಪು ಯಾರದು?

ಪರೀಕ್ಷಾ ಮಂಡಳಿಯಲ್ಲಿ ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ಪಡೆಯಲು ಅವಕಾಶವಿದೆ, ನಿಜ. ಆದರೆ ವಿಷಯಕ್ಕಿಷ್ಟು ಅಂತ ಶುಲ್ಕ ಕಟ್ಟಬೇಕು. ನಾನು ಕಂಡ ಹಾಗೆ ಅದನ್ನು ತರಿಸುವವರು 95 ಬಂದು 98 ಆಗಬೇಕು ಅನ್ನುವವರು. ಕೂಲಿ ಮಾಡುವವರ ಮನೆಯಲ್ಲಿ, ಅದೂ ಫೇಲಾದ ಮೇಲೆ, ಯಾರು ದುಡ್ಡು ಕಟ್ಟುತ್ತಾರೆ?

ಫೇಲಾದ ವಿಷಯದ ಸ್ಕ್ಯಾನ್ ಪ್ರತಿಯನ್ನು ಫಲಿತಾಂಶದ ಜೊತೆಗೇ ಉಚಿತವಾಗಿ ಕೊಡಲಿ. ಮರುಪರೀಕ್ಷೆಗೆ ಶಾಲೆಗಳಲ್ಲಿ ನಡೆಸುವ ವಿಶೇಷ ತರಗತಿಯ ಮೊದಲ ದಿನ ಪಾಠ ಬೇಡ, ಅವರವರ ಪತ್ರಿಕೆ ಅವರವರೇ ನೋಡಲಿ. ಹಾಗಂತ ಅದನ್ನು ಶಾಲೆಯ ಲಾಗಿನ್‌ಗೆ ಕಳಿಸಿ ಕೈತೊಳೆದುಕೊಳ್ಳಬೇಡಿ. ಮಗುವಿನ ನೋಂದಣಿ ಸಂಖ್ಯೆ ಹಾಕಿದರೆ ಸಿಗುವ ಹಾಗೆ ಮಾಡಿ.

– ಗಣಿತ ಶಿಕ್ಷಕಿ, ಅರಸೀಕೆರೆ ತಾಲ್ಲೂಕು