ಜೋಡುಪಾಲದಲ್ಲಿ ಅಮ್ಮನನ್ನು ಹೊತ್ತು ತಂದ ಅಣ್ಣನಿಗೆ

ಅಣ್ಣಾ, ನಿಮ್ಮ ಹೆಸರು ನಮಗೆ ಇವತ್ತಿಗೂ ಗೊತ್ತಿಲ್ಲ.

2018ರ ಆಗಸ್ಟ್‌ನ ಮಳೆಗೆ ಕೊಡಗಿನ ಜೋಡುಪಾಲದ ಗುಡ್ಡ ಜರಿದು ಮಡಿಕೇರಿ–ಸಂಪಾಜೆ ರಸ್ತೆಯೇ ಬಂದ್ ಆಗಿತ್ತು. ಕರೆಂಟಿಲ್ಲ, ಫೋನಿಲ್ಲ. ಅಮ್ಮನಿಗೆ ಮಂಡಿನೋವು ಬೇರೆ. ನೀವು ಪ್ಲಾಸ್ಟಿಕ್ ಕುರ್ಚಿಗೆ ಎರಡು ಬಿದಿರಿನ ಗಳ ಕಟ್ಟಿದಿರಿ. ಅಮ್ಮನನ್ನು ಕೂರಿಸುವ ಮೊದಲು ನೀವೇ ಕೂತು, ಗೆಳೆಯರಿಂದ ಎತ್ತಿಸಿ, ಗಟ್ಟಿ ಇದೆಯಾ ಅಂತ ನೋಡಿದಿರಿ. ಅಂಥ ಗಡಿಬಿಡಿಯಲ್ಲೂ ಆ ಜಾಗ್ರತೆ! ಮೊಣಕಾಲುದ್ದ ಕೆಸರಿನಲ್ಲಿ, "ಅಮ್ಮಾ, ಕೆಳಗೆ ನೋಡ್ಬೇಡಿ, ನನ್ನ ಟೋಪಿ ನೋಡ್ತಾ ಇರಿ" ಅಂದಿರಿ. ಜೀಪು ಹತ್ತಿಸಿದವರೇ ಮತ್ತೆ ಗುಡ್ಡದ ಕಡೆ ನಡೆದುಬಿಟ್ಟಿರಿ. ಥ್ಯಾಂಕ್ಸ್ ಹೇಳುವುದಕ್ಕೂ ಆಗಲಿಲ್ಲ.

ಸೇನೆಯವರನ್ನು, ವಿಪತ್ತಿನಲ್ಲಿ ನೆರವಿಗೆ ಬರುವ ಕೇಂದ್ರದ ಪಡೆ ಎನ್‌ಡಿಆರ್‌ಎಫ್‌ನವರನ್ನು ಎಲ್ಲರೂ ನೆನೆಯುತ್ತಾರೆ. ನೆನೆಯಲೇಬೇಕು. ಆದರೆ ಮನೆಯಿಂದ ಹಗ್ಗ, ಕತ್ತಿ ಹಿಡಿದು ಬಂದ ಊರ ಹುಡುಗರೂ ಜೀವ ಪಣಕ್ಕಿಟ್ಟವರೇ ಅಲ್ವಾ? ಸ್ವಾತಂತ್ರ್ಯ ದಿನದ ಸನ್ಮಾನಕ್ಕೆ ಪಂಚಾಯಿತಿಗಳು ಇಂಥವರನ್ನು ಹುಡುಕಿ ಕರೆಯಲಿ ಅಂತ ನನ್ನ ಆಸೆ.

ಅಮ್ಮ ಚೆನ್ನಾಗಿದ್ದಾರೆ ಅಣ್ಣಾ. ಈಗಲೂ ಜೋರು ಮಳೆ ಬಂದರೆ ನಿಮ್ಮನ್ನು ಕೇಳುತ್ತಾರೆ. ಇದು ನಿಮ್ಮ ಕಣ್ಣಿಗೆ ಬಿದ್ದರೆ ಒಂದು ದಿನ ಊಟಕ್ಕೆ ಬನ್ನಿ. ನಿಮ್ಮ ಗೆಳೆಯರನ್ನೂ ಕರೆದುಕೊಂಡು ಬನ್ನಿ.